ನೆರೆ ಬಂತು

ಮನೆ ಹೊತ್ತುಕೊಂಡು ಮೆಟ್ಟಿಲಿಳಿಯುವುದು ಸುಲಭವಲ್ಲ ಎಂದು ಮೊದಲ ಮೆಟ್ಟಿಲಲ್ಲೇ ಅವಳಿಗೆ ಗೊತ್ತಾಯಿತು. ರಟ್ಟಿನದೇ ಮನೆ, ಆದರೆ ಬಾಗಿಲು, ಕಿಟಕಿ, ಹೊಸ್ತಿಲು ಎಲ್ಲ ಇದ್ದ ಮನೆ. ಹಳೆಯ ದುಪ್ಪಟಿ ಸುತ್ತಿ ಎದೆಗೆ ಅವಚಿಕೊಂಡರೆ ಮುಂದೆ ಏನೂ ಕಾಣದು, ಕೆಳಗೆ ಇಳಿಸಿ ಹಿಡಿದರೆ ಮೊಣಕಾಲಿಗೆ ಬಡಿಯುವುದು. ಒಳಗೆ ನೀಲಿ ಜಿಲೆಟಿನ್ ಕಾಗದ ಪರಪರ ಎನ್ನುತ್ತಿತ್ತು. ದಾರ ಎಳೆದರೆ ಆ ಕಾಗದ ನೀರಿನ ಹಾಗೆ ಏರಿ ಮನೆಯ ಬಾಗಿಲು ಮುಟ್ಟಬೇಕು, ಬಿಟ್ಟರೆ ಇಳಿಯಬೇಕು. ಬೆಳಿಗ್ಗೆ ಎದ್ದು ಮತ್ತೆ ಎಳೆದು ನೋಡಿದ್ದಳು. ಏರಿತ್ತು, ಇಳಿದಿತ್ತು. ಅಕ್ಕ ಹಲ್ಲುಜ್ಜುತ್ತಾ ಬಂದು ನಿಂತು ನೋಡಿ, ಬಾಯಿ ತುಂಬ ನೊರೆ ಇಟ್ಟುಕೊಂಡೇ, "ಏನೇ ಆಗಲಿ, ಕೈ ಚಳಕ ಇದೆ ನಿನಗೆ. ಇದನ್ನೆಲ್ಲ ಯಾವಾಗ ಕತ್ತರಿಸಿದೆ? ಆ ರಜದ ದಿನ ಪೇಟೆಗೆ ಹೋಗಿದ್ದೆ ಅಂದೆಯಲ್ಲ?" ಅಂದಿದ್ದಳು. ಕೇಳಿದ್ದಳೋ, ಸುಮ್ಮನೆ ಅಂದಿದ್ದಳೋ. ಅಕ್ಕ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಚೀಟಿ ನೋಡಿದ ತಕ್ಷಣ ಯಾರಿಗೆ ಏನು ಕಾಯಿಲೆ ಎಂದು ಅವಳಿಗೆ ತಿಳಿಯುತ್ತದೆ, ಆದರೆ ಹೇಳುವುದಿಲ್ಲ.

"ಅಯ್ಯೋ ಟೀಚರ್, ಬಿದ್ದೀರ! ನಿಲ್ಲಿ ನಿಲ್ಲಿ, ಒಂದು ಕೈ ಹಿಡೀತೀನಿ."

ಕೆಳಮನೆಯಾಕೆ. ಇವರದು ಮಹಡಿ, ಅವರದು ಕೆಳಗೆ, ನಡುವೆ ಒಂದೇ ಮೆಟ್ಟಿಲ ಸಾಲು. ಆಕೆ ಕುತ್ತಿಗೆಗೆ ಹೊಲಿಗೆಯ ಟೇಪು ನೇತುಹಾಕಿಕೊಂಡೇ ಓಡಿಬಂದು ರಟ್ಟಿನ ಮನೆಯ ಆ ಕಡೆ ಹಿಡಿದಳು. ಹಿಡಿಯಬೇಡಿ ಎಂದು ಇವಳು ಹೇಳುವ ಮೊದಲೇ ಆಕೆ ಒಂದು ಮೆಟ್ಟಿಲು ಇಳಿದೇಬಿಟ್ಟಿದ್ದಳು. ಇಬ್ಬರೂ ಒಂದೊಂದೇ ಮೆಟ್ಟಿಲು ಅಡ್ಡಡ್ಡ ಇಳಿದರು, ಯಾರನ್ನೋ ಎತ್ತಿಕೊಂಡು ಇಳಿಯುವವರ ಹಾಗೆ. ಆ ಯೋಚನೆ ಬಂದ ಕೂಡಲೇ ಅವಳ ಹಿಡಿತ ಸಡಿಲವಾಯಿತು.

"ಇದೇನಿದು, ಮದುಮಗಳ ಹಾಗೆ ಮುಸುಕು ಹಾಕಿಬಿಟ್ಟಿದೀರ? ನಮ್ಮ ಮಗಳು ಪಿಟೀಲು ನಿನ್ನೆಯಿಂದ ಒಂದೇ ಸಮ. ನಾಳೆ ನಮ್ಮ ಕ್ಲಾಸಿಗೆ ಬೇರೆ ಶಾಲೆಯವರೆಲ್ಲ ಬರ್ತಾರೆ, ಮಿಸ್ ಪದ್ಯ ಮಾಡ್ತಾರೆ, ನಾನು ಮುಂದಿನ ಬೆಂಚು ಅಂತ. ಬೆಳಿಗ್ಗೆ ತಾನೇ ಜಡೆ ಹಾಕ್ಕೊಂಡು ಓಡಿಹೋದ್ಲು."

"ಮಾವನವರು ಹೇಗಿದಾರೆ?" ಎಂದು ಅವಳು ಕೇಳಿದಳು. ಕೇಳದಿದ್ದರೆ ತಪ್ಪಾಗುತ್ತದೆ ಎಂದು ದಿನವೂ ಕೇಳುತ್ತಾಳೆ.

"ಹಾಗೇ ಇದಾರೆ. ಕಣ್ಣು ಬಿಡ್ತಾರೆ. ನನ್ನನ್ನೂ 'ಬಾ' ಅಂತಾರೆ, ನರ್ಸನ್ನೂ 'ಬಾ' ಅಂತಾರೆ, ಬಾಯಾರಿದ್ರೂ 'ಬಾ'. ಒಂದೇ ಅಕ್ಷರ ಉಳ್ಕೊಂಡಿರೋದು. ಜೀವಮಾನವಿಡೀ ಮಾತಾಡಿ ಖಾಲಿ ಮಾಡ್ಕೊಂಡ್ರಿ ಅಂತ ನಾನೇ ತಮಾಷೆ ಮಾಡ್ತೀನಿ. ಮತ್ತೇನು ಮಾಡೋದು ಹೇಳಿ, ಅತ್ತರೆ ಆಗುತ್ತಾ?" ಆಕೆ ಕೊನೆಯ ಮೆಟ್ಟಿಲಿಗೆ ಬಂದು ಉಸಿರು ಬಿಟ್ಟಳು. "ಡಾಕ್ಟರು ಮೊನ್ನೆ ಇನ್ನೊಮ್ಮೆ ಅಂದ್ರು, ಸ್ವಲ್ಪ ಬೇಗ ತಂದಿದ್ರೆ ಅಂತ. ಎಲ್ಲಿಂದ ತರೋದು? ಫೋನು ಇವಳಪ್ಪನ ಜೊತೆ ಕೆಲಸಕ್ಕೆ ಹೋಗಿತ್ತು. ರಜದ ದಿನ, ಬೀದೀಲಿ ನರಪಿಳ್ಳೆ ಇಲ್ಲ. ನಾನು ಬಚ್ಚಲಲ್ಲಿ ಕುಸಿದ ಅವರ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದೀನಿ, ಬಿಟ್ಟೇಳೋ ಹಾಗಿಲ್ಲ. ಮೊದಲು ನಿಮ್ಮಲ್ಲಿಗೇ ಓಡಿಸಿದ್ದು ಇವಳನ್ನ. ನೀವಿಲ್ಲ."

"ಪೇಟೆಗೆ ಹೋಗಿದ್ದೆ. ಕಾಗದ ತರೋಕೆ."

"ಹೌದಲ್ಲ, ಹೇಳಿದ್ರಿ. ನಮ್ಮ ಹಣೆಬರಹ, ನೀವೇನು ಮಾಡ್ತೀರ."

ಪೇಟೆಗೆ ಹೋಗಿದ್ದೆ ಎಂಬ ಮಾತನ್ನು ಎಷ್ಟು ಸಲ ಹೇಳಿದ್ದಳೆಂದರೆ ಆ ಕಾಗದದ ಅಂಗಡಿ ಈಗ ಅವಳ ಕಣ್ಣಿಗೇ ಕಟ್ಟಿತ್ತು. ಕಿರಿದಾದ ಅಂಗಡಿ, ಸುರುಳಿ ಸುತ್ತಿ ನಿಲ್ಲಿಸಿದ ಬಣ್ಣದ ಕಾಗದಗಳು, ಮೇಲೆ ಮೆಲ್ಲಗೆ ತಿರುಗುವ ಫ್ಯಾನಿಗೆ ತುದಿಗಳು ಅಲುಗುತ್ತಿದ್ದವು. ಕನ್ನಡಕ ಹಾಕಿದ ಅಂಗಡಿಯವನು ಬೆರಳಿಗೆ ಉಗುಳು ಹಚ್ಚಿ ಹಾಳೆ ಬಿಡಿಸುತ್ತಿದ್ದ. ಬೇಕೆಂದರೆ ಬರೆದು ತೋರಿಸಬಲ್ಲಳು. ರಜದ ದಿನ ಆ ಅಂಗಡಿ ತೆರೆದೇ ಇರುವುದಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆದಿತ್ತು. ಕೆಳಮನೆಯಾಕೆಗೆ ಇನ್ನೂ ಹೊಳೆದಿರಲಿಲ್ಲ.

ದಾರಿಯುದ್ದಕ್ಕೂ ಜನ ದುಪ್ಪಟಿಯ ಗಂಟನ್ನು ನೋಡಿ ದಾರಿ ಬಿಟ್ಟರು. ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ಜಾಗ ಕೊಟ್ಟಳು. ಅವಳು ಮನೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯತ್ತ ಮುಖ ತಿರುಗಿಸಿದಳು. ಅವಳನ್ನು ಶಾಲೆಯಲ್ಲಿ ಪಟದ ಟೀಚರ್ ಅನ್ನುತ್ತಾರೆ. ಕೆಳಮನೆಯ ಮುದುಕರೂ ಹಾಗೇ ಅನ್ನುತ್ತಿದ್ದರು. ಗಡಿಯಾರ ರಿಪೇರಿಯ ಕೆಲಸದಿಂದ ನಿವೃತ್ತರಾದರೂ ಸಂಜೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿಬರುವವರ ಗಂಟೆ ನೋಡುವ ಮನುಷ್ಯ. "ಏನಮ್ಮಾ ಪಟದ ಟೀಚರ್, ಇವತ್ತು ಯಾವ ಪದ್ಯಕ್ಕೆ ಬಣ್ಣ ಬಳಿದು ಬಂದೆ? ಕವಿ ಬದುಕಿದಾನಾ?" ಅವಳು ನಾಚಿ ತಲೆ ತಗ್ಗಿಸಿ ಮೆಟ್ಟಿಲು ಹತ್ತುತ್ತಿದ್ದಳು, ಮೇಲೆ ಹೋದಮೇಲೆ ಉತ್ತರ ಹೊಳೆಯುತ್ತಿತ್ತು. ಮಾತಿನಲ್ಲಿ ಅವಳು ಯಾವಾಗಲೂ ಒಂದು ಮೆಟ್ಟಿಲು ಹಿಂದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪದ್ಯ ಓದಲು ನಿಂತರೆ ಎರಡನೆಯ ಸಾಲಿಗೆ ಗಂಟಲು ಕಟ್ಟುತ್ತಿತ್ತು. ಅಷ್ಟು ಕಣ್ಣುಗಳು ಒಟ್ಟಿಗೆ ತನ್ನ ಮೇಲೆ ಬಿದ್ದರೆ ಕೈಯನ್ನು ಎಲ್ಲಿಡುವುದೆಂದು ತಿಳಿಯುತ್ತಿರಲಿಲ್ಲ. ಹಿಂದಿನ ಬೆಂಚಿನ ಹುಡುಗರು ಅವಳ ನಡುಗುವ ದನಿಯನ್ನೇ ಅಣಕಿಸಿ ಓದುತ್ತಿದ್ದರು. ಒಂದು ದಿನ ಹಕ್ಕಿಯ ಪದ್ಯಕ್ಕೆ ಒಂದು ದೊಡ್ಡ ಹಕ್ಕಿ ಬರೆದು ಗೋಡೆಗೆ ತೂಗುಹಾಕಿದಳು. ಎಲ್ಲ ಕಣ್ಣುಗಳೂ ಅದರ ಮೇಲೆ ಹೋಗಿ ಕುಳಿತವು. ಅವಳು ಪಕ್ಕದಲ್ಲಿ ನಿಂತು ಪೂರ್ತಿ ಪದ್ಯ ಓದಿದಳು, ದನಿ ನಡುಗಲಿಲ್ಲ. ಆಮೇಲೆ ಪಟವಿಲ್ಲದೆ ಅವಳು ಕ್ಲಾಸಿಗೆ ಹೋದದ್ದೇ ಇಲ್ಲ. ಮಕ್ಕಳಿಗೆ ಅರ್ಥವಾಗಲೆಂದು ಮಾಡುತ್ತಾಳೆ ಎಂದು ಎಲ್ಲರೂ ಹೊಗಳುತ್ತಿದ್ದರು. ಪಟ ಅವಳಿಗೆ ಮರೆಯಾಗಿ ನಿಲ್ಲಲು ಸಿಕ್ಕ ಗೋಡೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಈ ಪದ್ಯ ಚಿಕ್ಕದು. ಬಸ್ಸು ತಿರುಗಿದಾಗೆಲ್ಲ ಅದರ ಸಾಲು ತಾನಾಗಿ ತಲೆಯಲ್ಲಿ ತಿರುಗುತ್ತಿತ್ತು.

ನಡುಹಗಲಲ್ಲಿ ನೆರೆ ಬಂತು,
ಬಾಗಿಲ ತನಕ ಬಂದು ನಿಂತು
ಒಳಗಿರುವವರ ಹೆಸರ ಹಿಡಿದು
ಕರೆದು ಕರೆದು ಇಳಿದು ಹೋಯ್ತು.

ಹೊಸ್ತಿಲ ಮೇಲೆ ಕೈಯ ಗುರುತು
ಒದ್ದೆಯಾಗಿ ಉಳಿದುಕೊಂಡಿತು,
ಒರೆಸಿದವರ ಕೈಗೂ ಅಂಟಿ
ಮನೆಯೊಳಗೆಲ್ಲ ಓಡಾಡಿತು.

ಮೊದಲು ಓದಿದಾಗ ಅವಳು ನಕ್ಕಿದ್ದಳು, ಸಂತೋಷದಿಂದ. ನೆರೆ ಎಂದರೆ ಉಕ್ಕಿ ಬರುವ ಹೊಳೆ, ನೆರೆ ಎಂದರೆ ನೆರೆಮನೆಯವರು. ಇಳಿದು ಹೋಯ್ತು ಎಂದರೆ ನೀರು ಇಳಿದದ್ದೂ ಆಯಿತು, ಮೆಟ್ಟಿಲು ಇಳಿದದ್ದೂ ಆಯಿತು. ಕವಿ ಎರಡು ಕೈಯಲ್ಲೂ ಏನೋ ಬಚ್ಚಿಟ್ಟುಕೊಂಡು ಯಾವ ಕೈ ಬೇಕು ಎಂದು ಕೇಳುತ್ತಿದ್ದ. ಆದರೆ ಎರಡರ ಪಟ ಬರೆಯುವುದು ಹೇಗೆ? ಪದ ಎರಡು ಅರ್ಥವನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ, ಪಟಕ್ಕೆ ಆಗುವುದಿಲ್ಲ. ಪಟ ಒಂದನ್ನೇ ಹಿಡಿಯಬೇಕು. ನೀರಾದರೆ ಏರಿಸಬಹುದು, ಇಳಿಸಬಹುದು, ಮಕ್ಕಳು ಓ ಅನ್ನುತ್ತಾರೆ. ನೀರನ್ನೇ ಹಿಡಿದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆಗ ಇರಲಿಲ್ಲ.

ಆ ರಜದ ದಿನ ಮಧ್ಯಾಹ್ನ ಜಿಲೆಟಿನ್ನಿನ ಅಂಚಿಗೆ ಅಂಟು ಸವರಿ ಎರಡೂ ಕೈಯ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕುಳಿತಿದ್ದಳು. ಬಿಟ್ಟರೆ ಸುಕ್ಕಾಗುತ್ತದೆ. ಸುಕ್ಕಾದ ನೀರು ನೀರಿನ ಹಾಗೆ ಕಾಣುವುದಿಲ್ಲ. ಅಕ್ಕ ಅಂಗಡಿಗೆ ಹೋಗಿದ್ದಳು. ಮೆಟ್ಟಿಲ ಮೇಲೆ ಸಣ್ಣ ಕಾಲು ದಡದಡ ಹತ್ತಿ ಬಂತು. "ಅಕ್ಕಾ..." ಬಾಗಿಲಿಗೆ ಅಂಗೈ ಬಡಿಯಿತು. ಪಿಟೀಲು. ಹಸುಗೂಸಾಗಿದ್ದಾಗ ಕುಯ್ ಕುಯ್ ಎಂದು ಅಳುತ್ತಿದ್ದಳಂತೆ, ಅಜ್ಜ ಇಟ್ಟ ಹೆಸರು ಶಾಲೆಯವರೆಗೂ ಬಂದಿತ್ತು. ಮನೆಯಲ್ಲಿ ಅವಳು ಅಕ್ಕಾ ಅನ್ನುತ್ತಾಳೆ, ಶಾಲೆಯಲ್ಲಿ ಮಿಸ್ ಅನ್ನುತ್ತಾಳೆ, ಒಂದು ದಿನವೂ ಅದಲುಬದಲಾಗಿಲ್ಲ. ರಜ ಬಂದರೆ ಚೂರು ಕಾಗದ ಕೇಳಿಕೊಂಡು ಬರುತ್ತಾಳೆ. ಬಂದರೆ ಹೋಗುವುದಿಲ್ಲ. ಇದೇನು, ಇದ್ಯಾಕೆ, ಇದಕ್ಕೆ ಹಸಿರು ಯಾಕೆ, ನೀರಿಗೆ ನಿಜವಾಗಲೂ ನೀಲಿ ಬಣ್ಣ ಇದೆಯಾ. ಒಳಗೆ ಕುಳಿತಿದ್ದ ಅವಳು ಉಸಿರು ಬಿಗಿಹಿಡಿದಳು. ಒಂದು ಗಳಿಗೆ, ಸುಮ್ಮನಿದ್ದರೆ ಹೋಗುತ್ತಾಳೆ. "ಅಕ್ಕಾ, ಅಕ್ಕಾ..." ಆಮೇಲೆ ಒಂದು ಕ್ಷಣ ಬಿಟ್ಟು, ಅದೇ ದನಿ ಬೇರೆ ಥರ ಕೇಳಿತು. "ಮಿಸ್... ಮಿಸ್..." ಮನೆಯ ಬಾಗಿಲಲ್ಲಿ ನಿಂತು ಹುಡುಗಿ ಮಿಸ್ ಎಂದದ್ದು ಅದೇ ಮೊದಲು. ಅದು ಅವಳಿಗೆ ವಿಚಿತ್ರ ಅನ್ನಿಸಿತು ಕೂಡ. ಅನ್ನಿಸಿಯೂ ಹೆಬ್ಬೆರಳು ತೆಗೆಯಲಿಲ್ಲ. ಕಾಲು ಮೆಟ್ಟಿಲಿಳಿದು ಹೋಯಿತು. ಆಗ ಅವಳು ನಕ್ಕಳು, ಗೆದ್ದವಳ ಹಾಗೆ, ಒಬ್ಬಳೇ, ರಟ್ಟಿನ ಮನೆಯ ಮುಂದೆ. ಆ ನಗೆಯೊಂದು ಇಲ್ಲದೇ ಇದ್ದಿದ್ದರೆ ಉಳಿದದ್ದನ್ನೆಲ್ಲ ಹೇಗಾದರೂ ತಾಳಿಕೊಳ್ಳಬಹುದಿತ್ತು ಎಂದು ಅವಳಿಗೆ ಈಗ ಅನ್ನಿಸುತ್ತದೆ.

ಆಮೇಲೆ ಬೀದಿಯಲ್ಲಿ ಗಾಡಿ ನಿಂತ ಸದ್ದು, ಗಂಡಸರ ದನಿ, ಕೆಳಮನೆಯಾಕೆಯ "ಮೆಲ್ಲಗೆ, ಮೆಲ್ಲಗೆ". ಕಿಟಕಿಯ ಅಂಚಿನಿಂದ ನೋಡಿದಳು. ಗಾಡಿಯವನೂ ಇನ್ಯಾರೋ ದಾರಿಹೋಕನೂ ಸೇರಿ ಮುದುಕರನ್ನು ಎತ್ತಿ ಒಳಗೆ ಕೂರಿಸುತ್ತಿದ್ದರು. ಅವರ ಒಂದು ಕೈ ತಮ್ಮದಲ್ಲವೆಂಬಂತೆ ನೇತಾಡುತ್ತಿತ್ತು. ಇಳಿದು ಹೋಗಬಹುದಿತ್ತು. ಆದರೆ ಈಗ ಇಳಿದರೆ ಇಷ್ಟು ಹೊತ್ತು ಮೇಲೇ ಇದ್ದೆ ಎಂದಾಗುತ್ತದೆ. ಕಿಟಕಿಯಿಂದ ಹಿಂದೆ ಸರಿದಳು. ಸಂಜೆ ಬಾಗಿಲ ಹೊರಗೆ ನಿಂತು, ಬೆಳಕು ಬೀಳುವ ಹಾಗೆ ಬಗ್ಗಿ, ಆ ಅಂಗೈಯ ಗುರುತನ್ನು ಹುಡುಕಿದಳು. ಏನೂ ಇರಲಿಲ್ಲ. ಆದರೂ ಒದ್ದೆ ಬಟ್ಟೆ ತಂದು ಒರೆಸಿದಳು.

ಶಾಲೆಯ ಸ್ಟಾಫ್ ರೂಮಿನಲ್ಲಿ ಲೆಕ್ಕದ ಮೇಷ್ಟ್ರು ಬಾಗಿಲು ಹಿಡಿದು ನಿಂತು ದಾರಿ ಬಿಟ್ಟರು. "ಗೃಹಪ್ರವೇಶವೋ! ಬನ್ನಿ ಬನ್ನಿ. ನಮ್ಮ ಹಣೆ ನೋಡಿ, ಇಷ್ಟು ವರ್ಷ ಸೀಮೆಸುಣ್ಣದಲ್ಲೇ ಸಂಸಾರ." ಹೆಡ್ ಮೇಡಂ ದುಪ್ಪಟಿ ಸರಿಸಿ ದಾರ ಎಳೆದು ನೋಡಿ ಮಗುವಿನ ಹಾಗೆ ನಕ್ಕರು. "ಹೆದರಬೇಡಮ್ಮ. ಇದು ಚೆನ್ನಾಗಿ ಆದರೆ ನಿನ್ನ ಈ ಪಟದ ಪಾಠ ಎಲ್ಲ ಶಾಲೆಗೂ ಹೋಗುತ್ತೆ. ನಿನ್ನ ಕೆಲಸಾನೂ ಖಾಯಂ ಆಗುತ್ತೆ, ಅದು ನನಗೆ ಬಿಡು." ಅವಳು ಹೂಂ ಅಂದಳು. ರಟ್ಟಿನ ಹೊಸ್ತಿಲ ಮೇಲೆ ಕೈ ಗುರುತು ಇರಬೇಕಾದ ಜಾಗದಲ್ಲಿ ಈಗ ಒಂದು ನೀಲಿ ಗೆರೆ ಇತ್ತು. ಮೊದಲು ಅಲ್ಲಿ ಐದು ಬೆರಳು ಬರೆದಿದ್ದಳು. ಬಣ್ಣ ಒಣಗಿದ ಮೇಲೆ ನೋಡಿದರೆ ಅದು ಯಾವ ನೀರಿನ ಗುರುತೂ ಆಗಿರಲಿಲ್ಲ, ಯಾರದೋ ಕೈ, ಚಿಕ್ಕದು. ಬ್ಲೇಡಿನಿಂದ ಕೆರೆದು ಮೇಲೆ ಗೆರೆ ಎಳೆದಿದ್ದಳು. ಪದ್ಯದಲ್ಲಿ 'ಬಂತು' ಎಂದಿದೆ, 'ಬಂದಳು' ಎಂದಿಲ್ಲ, ಆದ್ದರಿಂದ ನೀರೇ, ಎಂದು ಆ ರಾತ್ರಿ ತನಗೆ ತಾನೇ ವ್ಯಾಕರಣ ಹೇಳಿಕೊಂಡಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಕ್ಲಾಸಿನ ಹಿಂದೆ ಬೇರೆ ಶಾಲೆಗಳ ಟೀಚರುಗಳು ಮಕ್ಕಳ ಬೆಂಚಿನಲ್ಲೇ ಮೊಣಕಾಲು ಮಡಚಿ ಕುಳಿತಿದ್ದರು. ನಡುವೆ ಇಲಾಖೆಯಿಂದ ಬಂದ, ದಪ್ಪ ಕನ್ನಡಕದ ಮೇಲ್ವಿಚಾರಕರು. ಪಾಠ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಾಗಿತು. ದಾರ ಎಳೆದಳು, ನೀರು ಏರಿತು, ಬಾಗಿಲು ಮುಟ್ಟಿ ನಿಂತಿತು. ಮಕ್ಕಳು ಓ ಎಂದರು, ಹಿಂದಿನಿಂದ ದೊಡ್ಡವರೂ ಓ ಎಂದರು.

"ಏನು ಬಂತು?"

"ನೆರೆ!"

"ಎಲ್ಲಿ ತನಕ ಬಂತು?"

"ಬಾಗಿಲ ತನಕ!"

ದಾರ ಬಿಟ್ಟಳು. ನೀರು ಇಳಿಯಿತು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಇಷ್ಟು ಸುಖವಾಗಿ ಅವಳು ಯಾವತ್ತೂ ನಿಂತಿರಲಿಲ್ಲ. ಪದ್ಯದ ಎರಡನೆಯ ನುಡಿ ಓದಿ ಮುಗಿಸುವಷ್ಟರಲ್ಲಿ ಮುಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಅವಳು ಬೇರೆ ಕಡೆ ನೋಡಿದಳು. ಕೈ ಇಳಿಯಲಿಲ್ಲ. ಹೆಡ್ ಮೇಡಂ ಹಿಂದಿನಿಂದ, "ಕೇಳು ಮಗು" ಅಂದರು.

ಪಿಟೀಲು ಎದ್ದು ನಿಂತಳು. "ಮಿಸ್, ನೀರಿಗೆ ಕೈ ಇರುತ್ತಾ?"

ಮಕ್ಕಳು ಕಿಸಕ್ಕೆಂದರು. "ಅದು ಹಾಗಲ್ಲ," ಎಂದಳು ಅವಳು, "ಕವಿ ನೀರನ್ನು ಮನುಷ್ಯರ ಹಾಗೆ ಕಲ್ಪಿಸಿಕೊಂಡಿದಾರೆ."

"ಮತ್ತೆ ಪಟದಲ್ಲಿ ಕೈ ಇಲ್ಲವಲ್ಲ ಮಿಸ್, ಬರೀ ಗೆರೆ ಇದೆ." ಹುಡುಗಿ ಪುಸ್ತಕದ ಮೇಲೆ ಬೆರಳಿಟ್ಟುಕೊಂಡಿದ್ದಳು, ಸಾಲು ಎಲ್ಲಾದರೂ ಓಡಿಹೋದೀತು ಎನ್ನುವ ಹಾಗೆ. "ನೆರೆ ಅಂದ್ರೆ ನೆರೆಮನೆಯವರು ಅಂತಾನೂ ಇರಬಹುದಲ್ವಾ? ಹೋದ ಪಾಠದಲ್ಲಿ ನೆರೆಹೊರೆ ಅಂತ ಬಂದಿತ್ತಲ್ಲ. ಅವರು ಬಂದು ಕರೆದಿದ್ದು. ಒಳಗಿದ್ದವರ ಹೆಸರು ನೀರಿಗೆ ಹೇಗೆ ಗೊತ್ತಾಗುತ್ತೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಕೈ ತಾನಾಗಿ ದಾರ ಬಿಗಿಹಿಡಿಯಿತು, ನೀಲಿ ಕಾಗದ ಅರ್ಧ ಏರಿ ನಡುಗಿತು. ಹುಡುಗಿಯ ಮುಖ ನೋಡಿದಳು. ಗೊತ್ತಿದೆಯೇ? ಬಾಗಿಲಿಗೆ ಕಿವಿ ಇಟ್ಟು ಕಾಗದದ ಪರಪರ ಕೇಳಿಸಿಕೊಂಡಿದ್ದಳೇ? ಮುಖದಲ್ಲಿ ಏನೂ ಇರಲಿಲ್ಲ, ಉತ್ತರ ಸಿಕ್ಕ ಮಕ್ಕಳ ಹೊಳಪು ಬಿಟ್ಟರೆ. ಆದರೆ ಹಿಂದೆ ಕುಳಿತವರು ಕಾಗದದ ಮನೆಯನ್ನು ಬಿಟ್ಟು ಈಗ ತನ್ನನ್ನು ನೋಡುತ್ತಿದ್ದರು. ಅಷ್ಟೂ ಕಣ್ಣು. ಗಂಟಲು ಕಟ್ಟುವ ಮೊದಲು ಏನಾದರೂ ಹೇಳಬೇಕಿತ್ತು.

"ಇಲ್ಲ," ಎಂದಳು. "ಪದ್ಯದಲ್ಲಿ ಬಂತು ಅಂತಿದೆ. ಮನುಷ್ಯರು ಬಂದರೆ ಬಂತು ಅಂತೀವಾ? ಹೆಡ್ ಮೇಡಂ ಬಂತು ಅಂತೀವಾ?"

ಕ್ಲಾಸು ಗೊಳ್ಳೆಂದು ನಕ್ಕಿತು. ಹೆಡ್ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿದರು. ಇಷ್ಟು ವರ್ಷದಲ್ಲಿ ಕ್ಲಾಸಿನಲ್ಲಿ ಅವಳಾಡಿದ ಮೊದಲ ತಮಾಷೆ ಅದು.

"ಮಗು ಬಂತು ಅಂತೀವಲ್ಲ ಮಿಸ್," ಎಂದಳು ಪಿಟೀಲು ನಗು ನಿಲ್ಲುವ ಮೊದಲೇ, ಮೆಲ್ಲಗೆ.

ಆ ಮಾತು ಹಿಂದಿನವರಿಗೆ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು.

"ಪದ್ಯದಲ್ಲಿ ಮಗು ಎಲ್ಲಿದೆ? ಪುಸ್ತಕ ನೋಡಿ ಮಾತಾಡಬೇಕು, ಬಾಯಿಗೆ ಬಂದ ಹಾಗಲ್ಲ. ಕೂತ್ಕೋ."

ಹುಡುಗಿ ಕುಳಿತಳು. ಪಕ್ಕದವಳು ಅವಳ ಮೊಣಕೈಗೆ ತಿವಿದು ಏನೋ ಅಂದಳು, ಹಿಂದಿನಿಂದ ಯಾರೋ ಸಣ್ಣ ದನಿಯಲ್ಲಿ "ಪಿಟೀಲು ಬಂತು, ಪಿಟೀಲು ಬಂತು" ಎಂದರು. ಹುಡುಗಿಯ ಕಿವಿ ಕೆಂಪಾಯಿತು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಬರೆದಿದ್ದಳು, ಅದನ್ನು ರಬ್ಬರಿನಿಂದ ಉಜ್ಜತೊಡಗಿದಳು. ಉಜ್ಜಿ, ಊದಿ, ಮತ್ತೆ ಉಜ್ಜಿದಳು. ಉಳಿದ ಪಾಠದಲ್ಲಿ ತಾನೇನು ಹೇಳಿದೆ ಎಂದು ಅವಳಿಗೆ ಆಮೇಲೆ ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಆ ರಬ್ಬರಿನ ಸದ್ದು ಮಾತ್ರ ನೆನಪಿತ್ತು.

ಹೊರಗೆ ವರಾಂಡದಲ್ಲಿ ಎಲ್ಲರ ಕೈಗೂ ಟೀ ಬಂತು. ಮೇಲ್ವಿಚಾರಕರು ಅವಳ ಮುಂದೆ ನಿಂತು, "ಬಹಳ ಚೆನ್ನಾಗಿ ನಿಭಾಯಿಸಿದಿರಿ. ಕೆಲವು ಮಕ್ಕಳು ದಾರಿ ತಪ್ಪಿಸ್ತಾರೆ, ನೀವು ವಿಷಯ ಬಿಟ್ಟು ಕದಲಲಿಲ್ಲ. ಇದೇ ಮನೆ, ಇದೇ ನೀರು, ಬರೋ ವರ್ಷ ಎಲ್ಲ ಶಾಲೇಲೂ ಇರಬೇಕು" ಎಂದರು. ಎಲ್ಲ ಶಾಲೆಯಲ್ಲೂ. ಎಷ್ಟೋ ಕ್ಲಾಸುಗಳು, ಎಷ್ಟೋ ದಾರಗಳು, ಒಂದೇ ಸಲ ಏರುವ ನೀಲಿ ಕಾಗದ. ಎಲ್ಲೆಲ್ಲೋ ಒಬ್ಬೊಬ್ಬ ಹುಡುಗಿ ಎದ್ದು ನಿಲ್ಲುತ್ತಾಳೆ, ಎಲ್ಲೆಲ್ಲೂ ಒಬ್ಬೊಬ್ಬ ಟೀಚರು ಅದೇ ತಮಾಷೆ ಮಾಡಿ ಕೂರಿಸುತ್ತಾಳೆ. ತಾನೊಬ್ಬಳು ಬಾಗಿಲು ತೆಗೆಯಲಿಲ್ಲವೆಂದು ಒಂದು ಪದದ ಅರ್ಧವನ್ನೇ ಮುಚ್ಚಿಬಿಡಬಹುದು. ಎಷ್ಟು ಸುಲಭ! "ಸರ್, ಆ ಪದಕ್ಕೆ..." ಎಂದು ಶುರುಮಾಡಿದಳು. "ಹಾಂ?" ಎಂದು ಅವರು ಬಗ್ಗಿದರು. "ಏನಿಲ್ಲ ಸರ್, ಥ್ಯಾಂಕ್ಸ್." ಅಷ್ಟರಲ್ಲಿ ಯಾರೋ ಅವರನ್ನು ಕರೆದರು, ರಟ್ಟಿನ ಮನೆಯ ಜೊತೆ ನಿಂತು ಫೋಟೋ ತೆಗೆಸಿಕೊಳ್ಳಲು.

ಗಂಟೆ ಹೊಡೆಯಿತು. ಮುಂದಿನ ಪೀರಿಯಡ್ಡು ಪಕ್ಕದ ವಿಭಾಗಕ್ಕೆ, ಅದೇ ಪದ್ಯ. ಮನೆ ಫೋಟೋದಲ್ಲಿತ್ತು. ಬರಿಗೈಯಲ್ಲಿ ಕ್ಲಾಸಿನ ಬಾಗಿಲು ದಾಟುವಾಗ ಬಟ್ಟೆ ಮರೆತು ಬಂದಂತಾಯಿತು.

"ಮಿಸ್, ಮನೆ ಎಲ್ಲಿ? ನಮಗೆ ನೀರು ಇಲ್ವಾ?" ಎಂದು ನಾಲ್ಕು ಮೂಲೆಯಿಂದ ಕೂಗಿದರು.

"ಮೊದಲು ಪದ್ಯ ಓದೋಣ," ಎಂದು ಅವಳು ಪುಸ್ತಕ ತೆರೆದಳು. ಓದಿದಳು. ದನಿ ಎಲ್ಲೆಲ್ಲಿ ನಡುಗಬೇಕೋ ಅಲ್ಲೆಲ್ಲ ನಡುಗಿತು. ಆಮೇಲೆ ತಲೆ ಎತ್ತದೆ ಕೇಳಿದಳು. "ನೆರೆ ಅಂದ್ರೆ ಏನು?"

"ನೀರು!" ಇಡೀ ಕ್ಲಾಸು ಒಂದೇ ಬಾಯಲ್ಲಿ ಹೇಳಿತು.

"ಇನ್ನೇನಾದರೂ ಅರ್ಥ ಇದೆಯಾ? ಯೋಚನೆ ಮಾಡಿ."

"ಇಲ್ಲ ಮಿಸ್!" ಎಂದ ಒಬ್ಬ, ಗೆಲುವಿನಿಂದ ಎದ್ದೇ ಬಿಟ್ಟು. "ಆ ಕ್ಲಾಸಲ್ಲಿ ಪಿಟೀಲು ಪಕ್ಕದ್ಮನೆಯವರು ಅಂದ್ಲಂತೆ, ನೀವು ಕೂರಿಸಿಬಿಟ್ರಂತೆ. ಹೆಡ್ ಮೇಡಂ ಬಂತು ಅಂದ್ರಂತೆ!" ಮತ್ತೆ ಎಲ್ಲರೂ ನಕ್ಕರು. ಇಷ್ಟು ಬೇಗ, ಒಂದು ಟೀ ಆರುವಷ್ಟರಲ್ಲಿ, ಗೋಡೆ ದಾಟಿ ಬಂದಿತ್ತು. ಮಾತು ಆಡಿದರೆ ಹೋಯಿತು ಎಂದು ಅಮ್ಮ ಇದ್ದಾಗ ಅನ್ನುತ್ತಿದ್ದಳು. ಹೋಗುವುದಿಲ್ಲ ಅಮ್ಮಾ, ಎಂದುಕೊಂಡಳು ಅವಳು. ಬರುತ್ತದೆ, ತಿರುಗಿ ತನ್ನ ಹತ್ತಿರಕ್ಕೇ ಬರುತ್ತದೆ, ಅಷ್ಟು ಮಕ್ಕಳ ಬಾಯಲ್ಲಿ.

ಪುಸ್ತಕ ಮುಚ್ಚಿದಳು. "ಗಲಾಟೆ ಮಾಡದೆ ಕೂತಿರಿ, ಈಗ ಬಂದೆ," ಎಂದು ಹೊರಗೆ ಬಂದಳು. ಪಕ್ಕದ ಕ್ಲಾಸಿನವರೆಗಿನ ವರಾಂಡ ಅಷ್ಟೇನೂ ಉದ್ದವಿರಲಿಲ್ಲ. ಆದರೂ ನಡುವೆ ಒಂದು ಸಲ ನಿಂತಳು. ಒಂದು ಪದದ ಅರ್ಥ ತಿದ್ದುವುದು ಅಷ್ಟೇ, ಟೀಚರು ಮಾಡುವ ಕೆಲಸವೇ. ಪಿಟೀಲು ಹೇಳಿದ್ದೂ ಸರಿ ಎಂದು ಹೇಳಿ ತಿರುಗಿ ಬಂದುಬಿಡುವುದು. ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ. ಹಾಗೆ ಅಂದುಕೊಂಡು ಮತ್ತೆ ಹೆಜ್ಜೆ ಹಾಕಿದಳು.

ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿದ್ದವರು ತಿರುಗಿ ನೋಡಿದರು. "ಓಹೋ, ನಮ್ಮ ಲೆಕ್ಕಕ್ಕೂ ಪಟ ತಂದಿರಾ?" ಅವಳ ಖಾಲಿ ಕೈ ನೋಡಿ, ಆಮೇಲೆ ಮುಖ ನೋಡಿ, ತಮಾಷೆ ಬಿಟ್ಟು ಪಕ್ಕಕ್ಕೆ ಸರಿದರು. "ಬನ್ನಿ."

ಅವಳು ಮೇಜಿನ ಪಕ್ಕ ಬಂದು ನಿಂತಳು. ಕೈ ಎಲ್ಲಿಡುವುದೆಂದು ತಿಳಿಯಲಿಲ್ಲ. ಇಳಿಬಿಟ್ಟಳು.

"ಹೋದ ಪೀರಿಯಡ್ಡಲ್ಲಿ ನಾನು ಒಂದು ತಪ್ಪು ಹೇಳಿದೆ. ನೆರೆ ಅಂದ್ರೆ ನೀರೂ ಹೌದು, ನೆರೆಮನೆಯವರೂ ಹೌದು. ಇವಳು," ಅವಳಿಗೆ ಪಿಟೀಲು ಎಂಬ ಹೆಸರು ಬಾಯಿಗೆ ಬರಲಿಲ್ಲ, ಮುಂದಿನ ಬೆಂಚಿನತ್ತ ಕೈ ತೋರಿಸಿದಳು, "ಇವಳು ಹೇಳಿದ್ದು ಸರಿ. ನನಗೂ ಅದು ಗೊತ್ತಿತ್ತು. ಗೊತ್ತಿದ್ದೇ ಕೂರಿಸಿದೆ."

ಟೀಚರು ತಪ್ಪು ಎಂದು ಒಪ್ಪಿಕೊಂಡರೆ ನಗಬೇಕೋ ಬೇಡವೋ ಎಂದು ಮಕ್ಕಳಿಗೆ ತಿಳಿಯಲಿಲ್ಲ. ಹುಡುಗಿ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. ಮುಗಿಯಿತು ಎಂದು ಅವಳು ತಿರುಗಿದಳು. ಅಷ್ಟರಲ್ಲಿ ಕಿಟಕಿಯ ಪಕ್ಕದ ಹುಡುಗನೊಬ್ಬ ಕುಳಿತಲ್ಲಿಂದಲೇ ಅಂದ.

"ಹಾಗಾದ್ರೆ ಒಳಗಿದ್ದವರು ಬಾಗಿಲು ಯಾಕೆ ತೆಗೀಲಿಲ್ಲ ಮಿಸ್?"

ಇದು ಅವಳಿಗೆ ಹೊಳೆದಿರಲಿಲ್ಲ. ನೀರು ಬಂದರೆ ಯಾರೂ ಹಾಗೆ ಕೇಳುವುದಿಲ್ಲ. ನೀರಿಗೆ ಬಾಗಿಲು ಮುಚ್ಚಿದವರು ಜಾಣರು. ಒಂದು ಪದವನ್ನು ತೆರೆದಳು, ಅದರ ಹಿಂದೆ ನಿಂತಿದ್ದ ಪ್ರಶ್ನೆ ಒಳಗೆ ಬಂದೇ ಬಂತು.

"ನಿದ್ದೆ ಹೊಡೀತಿದ್ರು!" ಎಂದಳು ಒಬ್ಬಳು.

"ಕಳ್ಳ ಅಂದ್ಕೊಂಡಿರ್ತಾ..."

"ಕಳ್ಳ ಹೆಸರು ಹಿಡಿದು ಕರೀತಾನೇನೋ ಪೆದ್ದ?"

"ಜಗಳ ಆಗಿರುತ್ತೆ. ನಮ್ಮನೆಗೂ ಪಕ್ಕದ್ಮನೆಗೂ ಆಗಿದೆ, ನಾವೂ ತೆಗೆಯಲ್ಲ."

"ಸಾಲ ಕೇಳೋಕೆ ಬಂದಿರ್ತಾರೆ ಬಿಡೋ."

ಲೆಕ್ಕದ ಮೇಷ್ಟ್ರೂ ಸೀಮೆಸುಣ್ಣ ಹಿಡಿದುಕೊಂಡು ಉತ್ತರಕ್ಕೆ ಕಾಯುವವರ ಹಾಗೆ ನಿಂತಿದ್ದರು. ಎಲ್ಲರ ನಡುವೆ ಪಿಟೀಲು ಎದ್ದು ನಿಂತಳು. ಅವಳು ನಿಂತ ಮೇಲೆ ಉಳಿದವರು ಒಬ್ಬೊಬ್ಬರಾಗಿ ಸುಮ್ಮನಾದರು. ಹುಡುಗಿ ಟೀಚರ ಮುಖ ನೋಡಲಿಲ್ಲ, ಅವಳ ಸೀರೆಯ ಅಂಚನ್ನು ನೋಡುತ್ತಾ ಹೇಳಿದಳು, ದೊಡ್ಡವರು ಜಗಳ ಬಿಡಿಸುವಾಗ ಮಾತಾಡುವ ಹಾಗೆ, ಸಮಾಧಾನವಾಗಿ.

"ಅವರಿಗೆ ಕೇಳಿಸಿರಲ್ಲ ಮಿಸ್. ಒಳಗಡೆ ಏನೋ ಕೆಲಸದಲ್ಲಿದ್ರೆ ಕೇಳಿಸಲ್ಲ. ಅಷ್ಟೇ."

ಬಾಗಿಲು ಇತ್ತು, ಹೋಗಬಹುದಿತ್ತು. ಹೌದು, ಹಾಗೇ ಇರಬಹುದು, ಕೂತ್ಕೋ ಎಂದರೆ ಸಾಕು. ಹುಡುಗಿಯೇ ದಾರಿ ಮಾಡಿಕೊಟ್ಟಿದ್ದಳು, ಅವಳ ತಾಯಿ ಬೆಳಿಗ್ಗೆ ಮೆಟ್ಟಿಲ ಮೇಲೆ ಮಾಡಿಕೊಟ್ಟ ಹಾಗೆಯೇ. ಅಷ್ಟೂ ಕಣ್ಣುಗಳು ಅವಳ ಮೇಲಿದ್ದವು. ಕಟ್ಟಿದ ಗಂಟಲಲ್ಲೇ ಹೇಳಿದಳು.

"ಕೇಳಿಸ್ತು. ಅಕ್ಕಾ ಅಂದಿದ್ದೂ ಕೇಳಿಸ್ತು, ಮಿಸ್ ಅಂದಿದ್ದೂ ಕೇಳಿಸ್ತು."

ಮಕ್ಕಳು ಗಡಿಬಿಡಿಯಿಂದ ಪುಸ್ತಕ ಹೊರತೆಗೆದು ಆ ಸಾಲು ಎಲ್ಲಿದೆ ಎಂದು ಹುಡುಕತೊಡಗಿದರು. ಒಬ್ಬರ ಪುಸ್ತಕಕ್ಕೆ ಒಬ್ಬರು ಬಗ್ಗಿ, ಎರಡನೆಯ ನುಡಿಯಲ್ಲಿರಬೇಕು ನೋಡೋ, ಇಲ್ಲ ಕಣೇ, ಹಿಂದಿನ ಪುಟದಲ್ಲಿ ನೋಡು ಎಂದರು. ಪಿಟೀಲು ಮಾತ್ರ ಪುಸ್ತಕ ತೆರೆಯಲಿಲ್ಲ.